ಮುರಕಲ್ಲಿನ ಹಾದಿಗೆ ದಪ್ಪ ಟೈರು

ಬಂಟ್ವಾಳ ತಾಲೂಕಿನ ವಾಮದಪದವಿನ ಸುತ್ತ ಡಾಮರು ಬಿಟ್ಟು ಒಳಹಾದಿಗೆ ಇಳಿದರೆ ಸೈಕಲ್ಲಿನವನ ಪರೀಕ್ಷೆ ಶುರು. ಮೇಲೆ ಗೇರುಮರಗಳ ನಡುವೆ ಚರಳು ಹರಡಿದ ಕೆಂಪು ನೆಲ, ಇಳಿಜಾರಿನಲ್ಲಿ ಮೆಟ್ಟಿಲಿನಂತೆ ಎದ್ದ ಮುರಕಲ್ಲು, ಕೆಳಗೆ ಅಡಿಕೆ ತೋಟ, ತೋಡು, ಅದಕ್ಕೊಂದು ಸಂಕ. ನಡುವೆ ಬೇಲಿಯ ತಡಮೆ ಬಂದರೆ ಸೈಕಲ್ಲನ್ನು ಹೆಗಲಿಗೇರಿಸಿ ದಾಟಬೇಕು.

ಮೌಂಟೇನ್ ಬೈಕ್ ಎಂಬ ಸೈಕಲ್ ಹುಟ್ಟಿದ್ದು ಇಂಥ ಹಾದಿಗಾಗಿಯೇ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಕೆಲವು ಹುಡುಗರು ಹಳೇ ಭಾರದ ಸೈಕಲ್ಲುಗಳನ್ನು ಗುಡ್ಡ ಹತ್ತಿಸಿ ಮಣ್ಣುರಸ್ತೆಯಲ್ಲಿ ಕೆಳಗೆ ಬಿಡುತ್ತಿದ್ದರು. ಒಂದೇ ಇಳಿತಕ್ಕೆ ಹಿಂಚಕ್ರದ ಬ್ರೇಕು ಕಾದು ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು; ಮತ್ತೆ ತುಂಬಿದ ಮೇಲೆಯೇ ಮುಂದಿನ ಸವಾರಿ. ಆ ಹುಚ್ಚಾಟ 1996ರ ಅಟ್ಲಾಂಟಾ ಒಲಿಂಪಿಕ್ಸ್ ತನಕ ಹೋಯಿತು.

ಗುಟ್ಟು ಇರುವುದು ಟೈರಿನಲ್ಲಿ. ರೇಸಿನ ಸೈಕಲ್ಲಿಗೆ 25ರಿಂದ 28 ಮಿಲಿಮೀಟರ್ ಅಗಲದ ಟೈರಾದರೆ ಇದಕ್ಕೆ 55ರಿಂದ 60. ಗಾಳಿಯೂ ಕಡಿಮೆ, 20ರಿಂದ 30 ಪಿಎಸ್‌ಐ ಸಾಕು. ಮೆತ್ತಗಿನ ಟೈರು ಕಲ್ಲಿನ ಮೇಲೆ ಪುಟಿಯುವುದಿಲ್ಲ, ಕಲ್ಲನ್ನು ಅಪ್ಪಿಕೊಂಡು ಹೋಗುತ್ತದೆ. ಹೊಸಬರು ಗಾಳಿ ಗಟ್ಟಿಯಾಗಿ ಹೊಡೆಸಿಕೊಂಡು ಬಂದು ಚರಳಿನ ತಿರುವಿನಲ್ಲಿ ಮೊಣಕೈ ಕೆರೆದುಕೊಳ್ಳುವುದು ಇದು ತಿಳಿಯದೆ.

ದೂರದ ಸವಾರಿಗೆ ಆಸ್ಟ್ರೇಲಿಯಾವನ್ನು ನೋಡಬೇಕು. ಅಡಿಲೇಡಿನಿಂದ ಬ್ಲಿನ್‌ಮನ್ ಊರಿನವರೆಗೆ ಸುಮಾರು 900 ಕಿ.ಮೀ. ಸಾಗುವ ಮಾಸನ್ ಟ್ರೇಲ್‌ನ ಬಹುಪಾಲು ಹೊಸದಾಗಿ ಕಡಿದ ದಾರಿಯಲ್ಲ. ಮೊದಲೇ ಇದ್ದ ಹೊಲದ ಹಾದಿ, ಕಾಡುರಸ್ತೆ, ಮಣ್ಣುರಸ್ತೆಗಳನ್ನು ಒಂದಕ್ಕೊಂದು ಸೇರಿಸಿ ಗುರುತು ಹಾಕಿದ್ದು. ದಾರಿ ಕೆಲವೆಡೆ ಸ್ಟೇಷನ್‌ಗಳ ಒಳಗೇ ಹಾಯುತ್ತದೆ; ಅಲ್ಲಿ ಸ್ಟೇಷನ್ ಎಂದರೆ ರೈಲು ನಿಲ್ಲುವ ಜಾಗವಲ್ಲ, ದನ-ಕುರಿ ಮೇಯಿಸುವ ಭಾರೀ ಜಮೀನು. ಅದರೊಳಗೆ ಹೋಗುವವರಿಗೆ ಕಟ್ಟುನಿಟ್ಟಿನ ನಿಯಮವೊಂದಿದೆ: ಗೇಟು ಹೇಗಿತ್ತೋ ಹಾಗೆಯೇ ಬಿಟ್ಟು ಹೋಗಬೇಕು. ಅಲ್ಲಿನ ಸವಾರರ ಟೈರು ಚುಚ್ಚುವ ಮುಳ್ಳುಗಳಲ್ಲಿ ನಮ್ಮ ಬಯಲುಸೀಮೆಯ ನೆಗ್ಗಿಲು ಮುಳ್ಳೂ ಒಂದು.

ಕರ್ನಾಟಕದಲ್ಲಿ ಈ ಆಟಕ್ಕೆ ಬಲ ಬಂದಿರುವುದು ಕರಾವಳಿಯಿಂದಲ್ಲ, ಉತ್ತರದಿಂದ. ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಹುಡುಗರಿಗೆ ಸೈಕ್ಲಿಂಗ್ ಹಳೆಯ ಗೀಳು. 2021ರಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನಡೆದದ್ದು ಗದಗದಲ್ಲಿ.

ಹಾಗೆಂದು ಕರಾವಳಿಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಇದಕ್ಕೆ ತಕ್ಕ ನೆಲಕ್ಕೇನೂ ಕೊರತೆಯಿಲ್ಲ. ವಾಮದಪದವಿನಿಂದ ಹೊರಟವರಿಗೆ ವೇಣೂರಿನಲ್ಲಿ ಫಲ್ಗುಣಿ ನದಿಯ ದಡದ, 1604ರ ಗೊಮ್ಮಟನ ದರ್ಶನ. ಅಲ್ಲಿಂದ ಮೂಡುಬಿದಿರೆಗೆ ಹೋದರೆ 1430ರ ಸಾವಿರ ಕಂಬದ ಬಸದಿ. ತೊಡಕು ಮಳೆಯದು. ಜೂನ್‌ನಿಂದ ಮುರಕಲ್ಲಿಗೆ ಪಾಚಿ ಹಿಡಿದರೆ ಎಂಥ ಟೈರೂ ನಿಲ್ಲದು. ಮಾರ್ಚ್ ದಾಟಿದರೆ ಸೆಕೆ ಜೀವ ಹಿಂಡುತ್ತದೆ. ಡಿಸೆಂಬರ್, ಜನವರಿಯ ಮುಂಜಾವೇ ಸರಿ. ಇನ್ನೂ ಪೂರ್ವಕ್ಕೆ ಹೋಗಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡುಹಾದಿಗೆ ಕಾಲಿಡಬೇಕೆಂದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಸೈಕಲ್ಲಿಗೆ ಹೊಗೆಯಿಲ್ಲ ಎಂಬ ವಾದ ಅಲ್ಲಿ ನಡೆಯದು.

ಇಲ್ಲಿ ಕೋಟಿಗಟ್ಟಲೆ ಖರ್ಚಿನ ಟ್ರ್ಯಾಕ್ ಯಾರೂ ಕೇಳುತ್ತಿಲ್ಲ. ಗ್ರಾಮ ಪಂಚಾಯತ್‌ಗಳು ತಮ್ಮ ಮಣ್ಣುರಸ್ತೆಗಳನ್ನು ಗುರುತಿಸಿ, ಜಾಗದ ಯಜಮಾನರನ್ನು ಒಪ್ಪಿಸಿ, ಕವಲುಗಳಲ್ಲಿ ಬಾಣದ ಗುರುತಿನ ಕಲ್ಲು ನೆಟ್ಟರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಸವಾರರದು: ಖಾಸಗಿ ತೋಟಕ್ಕೆ ಕೇಳದೆ ನುಗ್ಗಬೇಡಿ, ನೀವು ತೆರೆದ ಗೇಟನ್ನು ಮುಚ್ಚಿಯೇ ಮುಂದೆ ಹೋಗಿ.