ಐರ್ಲೆಂಡಿನ ಒಕ್ಕಲಿಗರ ಹಬ್ಬದ ಲೆಕ್ಕ

ಐರ್ಲೆಂಡ್ ಮಳೆ, ಹುಲ್ಲು ಹೇರಳ ಇರೋ ದೇಶ. ಮಳೆ ನೋಡುತ್ತಾ ಕೂರುವ ನಮ್ಮಂಥವರಿಗೆ ಅಲ್ಲಿನ ಮಾತು ಯಾಕೆ ಅಂದೀರಿ. ಅವರ ಹಳೇ ಹಬ್ಬದ ಪದ್ಧತಿಗಳಲ್ಲಿ ನನಗೆ ಕಂಡದ್ದು ಬಣವೆಯ ಚಿಂತೆಯೇ.

ಫೆಬ್ರುವರಿ 1 ಸಂತ ಬ್ರಿಜಿಡ್ ಹಬ್ಬ. ಅವರಿಗೆ ವಸಂತ ಸುರುವಾಗೋ ದಿನ. ಹಿಂದಿನ ರಾತ್ರಿ ಜೊಂಡಿನಿಂದ ಶಿಲುಬೆ ಹೆಣೆದು ಮನೆಗೂ ದನದ ಕೊಟ್ಟಿಗೆಗೂ ಕಟ್ಟುತ್ತಿದ್ದರು. ಒಂದು ತುಂಡು ಬಟ್ಟೆ ಹೊರಗಿಟ್ಟು, ಬ್ರಿಜಿಡ್ ಮುಟ್ಟಿ ಹೋದಳು ಅಂತ ನಂಬಿ, ಆಕಳು ಈಯುವಾಗ ತ್ರಾಸು ಪಟ್ಟರೆ ಅದನ್ನೇ ಮೈಮೇಲೆ ಹಾಕೋರು. ಬಟ್ಟೆಯ ಗುಣ ನಾನು ನಂಬೋದಿಲ್ಲ. ಆದರೆ ಅದೇ ಹೊತ್ತಿಗೆ ಯಜಮಾನ ಮೇವು, ಕಾಳು-ಕಡಿ ನೋಡಿ, ಅರ್ಧ ಉಳಿದಿದೆಯೋ ಇಲ್ಲವೋ ಅಂತ ಅಂದಾಜು ಹಾಕುತ್ತಿದ್ದ. ಹೊಸ ಹುಲ್ಲಿಗೆ ಇನ್ನೂ ತಿಂಗಳುಗಟ್ಟಲೆ ಕಾಯಬೇಕು. ಅರ್ಧಕ್ಕಿಂತ ಕಡಿಮೆ ಕಂಡರೆ ಅವತ್ತೇ ಕೈ ಬಿಗಿ. ಕಣಿಕೆ ಬಣವೆ ತಳ ಕಂಡ ಮೇಲೆ ಮೇವು ಹುಡುಕಿದರೆ ದರ ಎಲ್ಲಿಗೆ ಹೋಗಿರ್ತದೆ, ನಿಮಗೆ ಹೇಳಬೇಕೇ?

ಜುಲೈ ಕೊನೇ ಭಾನುವಾರದ ಹೊತ್ತಿಗೆ ಹೊಸ ಆಲೂಗಡ್ಡೆ ಅಗೆಯುವ ಹಬ್ಬ. ಅದಕ್ಕೂ ಮೊದಲು ಅಗೆದವನಿಗೆ ಒಕ್ಕಲುತನ ಬರೋದಿಲ್ಲ ಅನ್ನೋರು. ಹಳೇ ಗಡ್ಡೆ ತೀರಿ, ಜುಲೈ ಹಸಿವಿನ ತಿಂಗಳು. ಹಸಿವು ತಾಳದೆ ಎಳೇ ಗಡ್ಡೆ ಕಿತ್ತರೆ ಇಳುವರಿ ಹೋಯಿತು. 1845ರಿಂದ ಅಂಗಮಾರಿ ಬಿದ್ದು ಬೆಳೆ ಕೊಳೆತಾಗ ಮಾತ್ರ ಯಾವ ಕಟ್ಟಳೆಯೂ ನಡೆಯಲಿಲ್ಲ. ಬಡವರು ಹೆಚ್ಚಾಗಿ ಲಂಪರ್ ಅನ್ನೋ ಒಂದೇ ತಳಿ ನೆಚ್ಚಿದ್ದರು. ಹಸಿವು, ರೋಗದಿಂದ ಸುಮಾರು 10 ಲಕ್ಷ ಜನ ಸತ್ತರು.

ಮೇ 1ರ ನಂಬಿಕೆ ನನಗೆ ಸರಿಬರಲಿಲ್ಲ. ಅವತ್ತು ಮನೆಯಿಂದ ಬೆಂಕಿ, ಹಾಲು ಹೊರಗೆ ಕೊಡಬಾರದು. ಕೊಟ್ಟರೆ ವರ್ಷದ ಬೆಣ್ಣೆಯೇ ಹೋಗ್ತದಂತೆ. ಕೆಂಡ ಕೇಳಲು ಬಂದ ನೆರೆಮನೆ ಹೆಂಗಸಿನ ಮೇಲೆ ಬೆಣ್ಣೆಗಳ್ಳಿ ಅಂತ ಸಂಶಯ. ಕಡೆದರೂ ಬೆಣ್ಣೆ ಬರದಿದ್ದರೆ ಕಾವು ಹೆಚ್ಚು-ಕಡಿಮೆ ಆಗಿರಬಹುದು, ಆಕಳು ಬತ್ತುವ ಹಂತದಲ್ಲಿರಬಹುದು. ಅದನ್ನು ಬಿಟ್ಟು ಬಡವಿಯ ಮೇಲೆ ಹೊರಿಸೋದು ಯಾವ ನ್ಯಾಯ?

ನವೆಂಬರ್ 11, ಸಂತ ಮಾರ್ಟಿನ್ ದಿನ, ಹಲವು ಕಡೆ ಚಕ್ರ ತಿರುಗಿಸುತ್ತಿರಲಿಲ್ಲ. ರಾಟಿ, ಗಿರಣಿ, ಗಾಡಿ ಎಲ್ಲಕ್ಕೂ ಬಿಡುವು. ಎಳೆಯೋ ಪ್ರಾಣಿಗೂ ಅಷ್ಟು ಪುಣ್ಯ.

ಇವೆಲ್ಲ ಉಳಿದದ್ದರಲ್ಲಿ ಮಕ್ಕಳ ಪಾಲು ದೊಡ್ಡದು. 1937ರಿಂದ 1939ರವರೆಗೆ ಸುಮಾರು 5,000 ಶಾಲೆಗಳ ಮಕ್ಕಳು ಮನೆಯ, ಊರಿನ ಹಿರಿಯರನ್ನು ಕೇಳಿ ಬರೆದುಕೊಂಡರು. ಏಳನೇ ಇಯತ್ತೆ ಓದಿದ ನನಗೆ ಇದು ಬಹಳ ಹಿಡಿಸಿತು. ಆ ಬರಹ ಈಗಲೂ ಯೂನಿವರ್ಸಿಟಿ ಕಾಲೇಜ್ ಡಬ್ಲಿನ್‌ನಲ್ಲಿ ಜೋಪಾನವಾಗಿದೆ.