ಕಡಲ ನಡುವಣ ಕಲ್ಲುಕಂಬಗಳು

ಜ್ವಾಲಾಮುಖಿಯಿಂದ ಜನಿಸಿದ ದ್ವೀಪವೆಂದೊಡನೆ ಹವಾಯಿ, ಐಸ್‌ಲೆಂಡ್ ಮೊದಲಾದ ದೂರದೇಶಗಳು ವಿದ್ಯಾರ್ಥಿಗಳ ಸ್ಮರಣೆಗೆ ಬರುವುದು ಸಹಜ. ಆದರೆ ಅಂತಹ ಶಿಲೆಯ ದ್ವೀಪಗಳು ಕನ್ನಡನಾಡಿನ ಕಡಲಿನಲ್ಲಿಯೂ ಉಂಟು. ಉಡುಪಿ ಜಿಲ್ಲೆಯ ಮಲ್ಪೆ ಬಂದರಿನಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ಇರುವ ಸೇಂಟ್ ಮೇರೀಸ್ ದ್ವೀಪಗಳೇ ಅವು. ಇವುಗಳಲ್ಲಿ ನಾಲ್ಕು ಮುಖ್ಯವಾದವು. ಜನರು ಹೆಚ್ಚಾಗಿ ಸಂದರ್ಶಿಸುವ ತೆಂಗಿನ ದ್ವೀಪವು ಸುಮಾರು 500 ಮೀಟರ್ ಉದ್ದ, 100 ಮೀಟರ್ ಅಗಲವುಳ್ಳದ್ದು. ಇಲ್ಲಿ ಜನವಸತಿಯಿಲ್ಲ.

ಈ ದ್ವೀಪಗಳ ವೈಶಿಷ್ಟ್ಯವೆಂದರೆ ಶಿಲಾಸ್ತಂಭಗಳು. ಶಿಲ್ಪಿಯೊಬ್ಬನು ಉಳಿಯಿಂದ ಕಡೆದು ನಿಲ್ಲಿಸಿದನೋ ಎಂಬಂತೆ ಐದು, ಆರು, ಏಳು ಮುಖಗಳ ಕಂಬಗಳು ಒತ್ತೊತ್ತಾಗಿ ನಿಂತಿವೆ. ಇದರ ಮರ್ಮವನ್ನರಿಯಲು ಸಿರುಗುಪ್ಪದ ಎರೆಭೂಮಿಯನ್ನು ನೆನೆದರೆ ಸಾಕು. ನೀರುಂಡ ಗದ್ದೆಯು ಬೇಸಗೆಯಲ್ಲಿ ಒಣಗಿ ಸಂಕುಚಿತಗೊಂಡಾಗ ನೆಲವು ಬಹುಕೋನಾಕೃತಿಯ ಹೆಂಟೆಗಳಾಗಿ ಬಿರಿಯುವುದಷ್ಟೆ. ಅಂತೆಯೇ ಕುದಿಯುವ ಲಾವಾರಸವು ಮೇಲಿನಿಂದಲೂ ಕೆಳಗಿನಿಂದಲೂ ನಿಧಾನವಾಗಿ ತಣಿದು ಕುಗ್ಗಿದಾಗ ಬಿರುಕುಗಳು ಆಳಕ್ಕಿಳಿದು ಕಂಬಗಳಾದವು. ಅಲ್ಲಿ ನೀರು ಹೋಗಿ ಬಿರಿಯಿತು; ಇಲ್ಲಿ ಶಾಖ ಹೋಗಿ ಬಿರಿಯಿತು.

ಬಳ್ಳಾರಿಯ ಕೋಟೆಗುಡ್ಡವೂ ಕುರುಗೋಡಿನ ಬೆಟ್ಟಗಳೂ ಅಗ್ನಿಜನ್ಯ ಶಿಲೆಗಳೇ. ಆದರೆ ಆ ಗ್ರಾನೈಟು ಭೂಮಿಯ ಆಳದಲ್ಲಿಯೇ ಬಹುಕಾಲ ತಣಿದು ಘನೀಭವಿಸಿದ್ದರಿಂದ ಅದರ ಹರಳುಗಳು ಬರಿಗಣ್ಣಿಗೆ ಕಾಣುತ್ತವೆ. ದ್ವೀಪದ ಶಿಲೆಯಾದರೋ ಮೇಲಕ್ಕೆ ಉಕ್ಕಿ ಬೇಗನೆ ಗಟ್ಟಿಯಾದುದು. ಆದುದರಿಂದ ಅದರ ಕಣಗಳು ಬಹುಸೂಕ್ಷ್ಮ. ಇದು ಸಂಭವಿಸಿದ್ದು ಸುಮಾರು 8ರಿಂದ 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಟ್ಟ ಕಾಲದಲ್ಲಿ. ಅದೇ ಕಾಲದ ಲಾವಾಶಿಲೆಗಳು ಮಡಗಾಸ್ಕರಿನಲ್ಲಿಯೂ ದೊರೆಯುವುದರಿಂದ, ಒಂದೇ ತಾಯ್ನೆಲವು ಇಬ್ಭಾಗವಾದುದಕ್ಕೆ ಈ ಕಂಬಗಳು ಸಾಕ್ಷಿ ನುಡಿಯುತ್ತವೆ.

1498ರಲ್ಲಿ ಪೋರ್ಚುಗಲ್ಲಿನ ನಾವಿಕ ವಾಸ್ಕೋ ಡ ಗಾಮನು ಕಲ್ಲಿಕೋಟೆಯಿಂದ ಹಿಂದಿರುಗುವಾಗ ಇಲ್ಲಿ ಸಾಂತಾ ಮರಿಯಾ ಎಂಬ ಹೆಸರಿನ ಕಲ್ಲುಕಂಬವನ್ನು ನೆಡಿಸಿದನೆಂದು ಹೇಳುತ್ತಾರೆ. ಈಗಿನ ಹೆಸರಿಗೆ ಅದೇ ಮೂಲ. ದರಿಯಾ ಬಹಾದ್ದೂರ್‌ಗಡ ಎಂಬ ದ್ವೀಪದ ಕೋಟೆಯನ್ನು ಬಿದನೂರಿನ ಬಸಪ್ಪನಾಯಕನು ಕಟ್ಟಿಸಿದನೆಂಬುದು ಪ್ರತೀತಿ.

ಸುತ್ತಲಿನ ಕಡಲು ಮಲ್ಪೆಯ ಮೀನುಗಾರರಿಗೆ ಅನ್ನದಾತ. ಪ್ರವಾಸಿಗರನ್ನು ಕರೆದೊಯ್ಯುವ ದೋಣಿಗಳಿಂದಲೂ ಅನೇಕ ಕುಟುಂಬಗಳ ಜೀವನ ಸಾಗುತ್ತದೆ. ಮಳೆಗಾಲದಲ್ಲಿ ಕಡಲು ಉಗ್ರವಾಗುವುದರಿಂದ ಈ ದೋಣಿಗಳ ಸಂಚಾರ ನಿಲ್ಲುತ್ತದೆ.

ಈ ದ್ವೀಪಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಮಾನ್ಯತೆ ಪಡೆದಿವೆ. ಆದರೂ ಹೋದವರು ಎಸೆದ ಪ್ಲಾಸ್ಟಿಕ್ ಕಸವು ಕಂಬಗಳ ಸಂದಿಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಪಾಚಿಗಟ್ಟಿದ ಬಂಡೆಗಳಿಂದ ಜಾರಿ ಪ್ರಾಣ ಕಳೆದುಕೊಂಡವರೂ ಉಂಟು. ಕಡಿದ ಮರ ಮತ್ತೆ ಚಿಗುರಬಹುದು, ಒಣಗಿದ ಕೆರೆ ಮತ್ತೆ ತುಂಬಬಹುದು. ಮುರಿದ ಶಿಲೆ ಮರಳಿ ಬೆಳೆಯದು. ಶೈಕ್ಷಣಿಕ ಪ್ರವಾಸಕ್ಕೆ ತೆರಳುವ ವಿದ್ಯಾರ್ಥಿಗಳು ಅಲ್ಲಿಂದ ತರಬೇಕಾದುದು ಕಲ್ಲಿನ ಚೂರನ್ನಲ್ಲ, ಅರಿವನ್ನು.