ನಿಮಗಿದು ಗೊತ್ತೆ? ನಾದವೇ ಸ್ಮಾರಕವಾದ ಗೋಪುರ

ಇಂಗ್ಲೆಂಡಿನ ಲಫ್‌ಬರೊ ಪಟ್ಟಣದ ಕ್ವೀನ್ಸ್ ಪಾರ್ಕ್ ಉದ್ಯಾನದಲ್ಲಿ 151 ಅಡಿ ಎತ್ತರದ ಇಟ್ಟಿಗೆಯ ಗೋಪುರವೊಂದಿದ್ದು, ಮೊದಲ ಮಹಾಯುದ್ಧದಲ್ಲಿ ಮಡಿದ ಊರಿನವರ ಸ್ಮರಣಾರ್ಥ ನಿರ್ಮಿಸಲಾದ ಇದನ್ನು 1923ರ ಜುಲೈಯಲ್ಲಿ ಉದ್ಘಾಟಿಸಲಾಯಿತು. ವಾಸ್ತುಶಿಲ್ಪಿ ವಾಲ್ಟರ್ ಟ್ಯಾಪರ್ ವಿನ್ಯಾಸಗೊಳಿಸಿದ ಈ ಗೋಪುರದಲ್ಲಿ ಕ್ಯಾರಿಲನ್, ಅಂದರೆ ಶ್ರುತಿಗೂಡಿಸಿದ ಕನಿಷ್ಠ 23 ಗಂಟೆಗಳಿಂದ ರಾಗ ನುಡಿಸುವ ವಾದ್ಯ, ಇದ್ದು, ಇದರ 47 ಗಂಟೆಗಳನ್ನೂ ಅದೇ ಊರಿನ ಜಾನ್ ಟೇಲರ್ ಎರಕಶಾಲೆಯಲ್ಲಿ ಎರಕ ಹೊಯ್ಯಲಾಗಿದೆ.

ಕ್ಯಾರಿಲನ್‌ನಲ್ಲಿ ಗಂಟೆಗಳು ತೂಗಾಡುವುದಿಲ್ಲ. ವಾದಕರು ಮುಷ್ಟಿಯಿಂದ ಮರದ ಹಿಡಿಗಳನ್ನು ಗುದ್ದಿ, ಕಾಲಿನಿಂದ ಪೆಡಲುಗಳನ್ನು ಒತ್ತಿದಾಗ, ಅವುಗಳಿಗೆ ಜೋಡಿಸಿದ ತಂತಿಗಳು ಒಳಗಿನ ನಾಲಿಗೆಯನ್ನು ಎಳೆದು ಗಂಟೆಯ ಅಂಚಿಗೆ ಬಡಿಯುವಂತೆ ಮಾಡುತ್ತವೆ. ಗುದ್ದಿನ ಬಿರುಸು ಹೆಚ್ಚು ಕಡಿಮೆಯಾದಂತೆ ನಾದದ ಏರಿಳಿತವೂ ಬದಲಾಗುವುದರಿಂದ, ನಾಲ್ಕು ಟನ್ನಿಗೂ ಹೆಚ್ಚು ತೂಗುವ ಅತಿ ದೊಡ್ಡ ಗಂಟೆಯನ್ನೂ ಮೆಲುದನಿಯಲ್ಲಿ ನುಡಿಸಬಹುದು. ಈ ಗಂಟೆಯು ಯುದ್ಧದಲ್ಲಿ ಪ್ರಾಣ ತೆತ್ತ ಟೇಲರ್ ಮನೆತನದ ಮೂವರು ಸೋದರರ ನೆನಪಿನದು.

ಪ್ರಸಿದ್ಧ ಸಂಗೀತಕಾರ ಎಡ್ವರ್ಡ್ ಎಲ್ಗರ್ ಉದ್ಘಾಟನೆಗೆಂದೇ ‘ಮೆಮೋರಿಯಲ್ ಚೈಮ್ಸ್’ ಎಂಬ ಕೃತಿಯನ್ನು ರಚಿಸಿದ್ದರು. ಗೋಪುರದೊಳಗಿನ ವಸ್ತುಸಂಗ್ರಹಾಲಯದಲ್ಲಿ ಸಮವಸ್ತ್ರ, ಪದಕ ಮೊದಲಾದ ಯುದ್ಧಕಾಲದ ವಸ್ತುಗಳನ್ನು ಪ್ರದರ್ಶಿಸಲಾಗಿದೆ.